ಬುತ್ತಿ ಕಟ್ಟಿದ ದಿನ

ನಮ್ಮ ಕಡೆ ಊರಿಗೆ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ನಂಬಿಕೆ. ಆದರೆ ತಿಳಿದುಕೊಳ್ಳುವ ಆಸೆ ಯಾರಿಗಿಲ್ಲ? ಅದಕ್ಕೆಂದೇ ನಮ್ಮ ಹಿರಿಯ ಹೆಂಗಸರು ಇನ್ನೊಂದು ಉಪಾಯ ಕಂಡುಕೊಂಡಿದ್ದರು. ಅವರು ಬುತ್ತಿಯ ಗಂಟು ನೋಡುತ್ತಿದ್ದರು. ಮೆತ್ತನೆಯ ರೊಟ್ಟಿ, ಪುಂಡಿಪಲ್ಯ ಕಟ್ಟಿದ್ದರೆ ಹೊಲಕ್ಕೋ ಸಂತೆಗೋ ಹೋಗಿ ಸಂಜೆಗೆ ಮರಳುವವರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ನಾಲ್ಕು ದಿನದ ಜಾತ್ರೆ. ಉಪ್ಪಿನಕಾಯಿಯ ಭರಣಿಯೇ ಗಾಡಿ ಏರಿತೆಂದರೆ ಬಾಣಂತಿತನ ಮುಗಿಸಿದ ಮಗಳು ಗಂಡನ ಮನೆಗೆ ಹೊರಟಿದ್ದಾಳೆ, ಬೇಗ ಬರುವವಳಲ್ಲ. ಬಾಯಿ ಸುಳ್ಳು ಹೇಳಬಹುದು, ಬುತ್ತಿ ಹೇಳುವುದಿಲ್ಲ ಎಂದು ನನ್ನ ಆಯಿ ಅನ್ನುತ್ತಿದ್ದಳು.

ಹೀಗೆ ಅನ್ನುತ್ತಿದ್ದ ಆಯಿಯೇ ಒಮ್ಮೆ ಬುತ್ತಿಯಿಂದ ಸುಳ್ಳು ಹೇಳಿಸಬೇಕಾಗಿ ಬಂತು. ಅದು 1948ರ ಮೇ ತಿಂಗಳ ಕೊನೆ. ಊರು ಗೊಬ್ಬೂರ, ಅಫಜಲಪುರ ತಾಲ್ಲೂಕು. ಕಲಬುರ್ಗಿಯಿಂದ ಅಫಜಲಪುರಕ್ಕೆ ಹೋಗುವವರಿಗೆ ಈ ಊರಿನ ಪರಿಚಯವಿದೆ. ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರೂ ಇದನ್ನು ಬಲ್ಲರು. ಆಯಿಗೆ ಆಗ ಇಪ್ಪತ್ತು ವರ್ಷ. ನನ್ನ ತಂದೆ ಹನ್ನೊಂದು ತಿಂಗಳ ಕೂಸು. ಆ ಒಂದು ದಿನದ ಕತೆಯನ್ನು ಆಯಿ ನನಗೆ ಒಂದೇ ಸಲ ಕೂತು ಹೇಳಲಿಲ್ಲ. ಕೌದಿ ಹೊಲಿಯುವಾಗ ಸ್ವಲ್ಪ, ರೊಟ್ಟಿ ಬಡಿಯುವಾಗ ಸ್ವಲ್ಪ, ಹೀಗೆ ಹತ್ತು ಹನ್ನೆರಡು ವರ್ಷಗಳಲ್ಲಿ ಹೇಳಿದಳು. ತುಂಡುಗಳನ್ನು ನಾನೇ ಜೋಡಿಸಿಕೊಂಡೆ.

ಸುಮಾರು ಮೂವತ್ತು ವರ್ಷ ನಾನು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವಳು. ಆ ಕಾಲದ ಸಂಗತಿಗಳನ್ನು ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಬರೆದುಕೊಟ್ಟಿದ್ದೇನೆ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದರೂ ಹೈದರಾಬಾದು ಸಂಸ್ಥಾನದಲ್ಲಿದ್ದ ನಮಗೆ ಬರಲಿಲ್ಲ. ಗುಲಬರ್ಗಾ, ರಾಯಚೂರು, ಬೀದರ ಈ ಮೂರು ಜಿಲ್ಲೆಗಳ ಕನ್ನಡಿಗರು ನಿಜಾಮನ ಪ್ರಜೆಗಳಾಗಿಯೇ ಉಳಿದರು. ಅದೇ ವರ್ಷ ನವೆಂಬರ್ 29ರಂದು ಭಾರತ ಸರ್ಕಾರಕ್ಕೂ ನಿಜಾಮನಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ಸ್ಥಿತಿ ಇದ್ದಂತೆ ಇರಲಿಲ್ಲ. ಕಾಸಿಂ ರಜವಿಯ ನಾಯಕತ್ವದ ರಜಾಕಾರರ ಹಾವಳಿ ತಿಂಗಳಿಂದ ತಿಂಗಳಿಗೆ ಹೆಚ್ಚಿತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡ ನಡೆಯಿತು. ಅದೇ ಮೇ 22ರಂದು ಮದ್ರಾಸಿನಿಂದ ಮುಂಬಯಿಗೆ ಹೋಗುತ್ತಿದ್ದ ಮೇಲ್ ಗಾಡಿಯ ಮೇಲೆ ನಮ್ಮ ಗಾಣಗಾಪುರ ರೇಲ್ವೆ ನಿಲ್ದಾಣದಲ್ಲಿಯೇ ದಾಳಿಯಾಯಿತು. ದಿಲ್ಲಿಯಲ್ಲಿ ಗದ್ದಲವೆಬ್ಬಿಸಿದ ಸುದ್ದಿಯದು. ದಿಲ್ಲಿಗೆ ಅದು ಸುದ್ದಿ, ನಮ್ಮೂರಿಗೆ ಕೂಗಳತೆಯ ಮಾತು.

ಸೊಲ್ಲಾಪುರಕ್ಕೆ ರೈಲಿನಲ್ಲಿ ಹೋಗಿಬಿಡೋಣ ಎಂದು ಮುತ್ಯಾ ಅದುವರೆಗೆ ಹೇಳುತ್ತಿದ್ದನಂತೆ. ಮೇಲ್ ಗಾಡಿಯ ಸುದ್ದಿ ಬಂದಮೇಲೆ ರೈಲಿನ ಮಾತು ಬಿಟ್ಟ. ಉಳಿದದ್ದು ಭೀಮಾ ನದಿ. ಆಗ ಉಜನಿ ಅಣೆಕಟ್ಟು ಇರಲಿಲ್ಲ, ಸೊನ್ನದ ಬ್ಯಾರೇಜೂ ಇರಲಿಲ್ಲ. ಬೇಸಗೆಯ ಕೊನೆಯಲ್ಲಿ ಹೊಳೆಯನ್ನು ಮೊಣಕಾಲು ನೀರಿನಲ್ಲಿ ದಾಟಬಹುದಿತ್ತು. ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿ ಹೊಳೆಯ ಈ ದಂಡೆಯಲ್ಲಿ. ಆ ದಂಡೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ, ಅಂದರೆ ಹಿಂದುಸ್ತಾನ. ಮಿರಗದ ಮಳೆ ಬಿದ್ದು ಹೊಳೆ ಏರುವ ಮೊದಲು ದಾಟಬೇಕು. ಊರು ಬಿಟ್ಟು ಹೋಗುತ್ತೇವೆಂದು ಯಾರಿಗೂ ತಿಳಿಯಬಾರದು. ತಿಳಿದರೆ ದಾರಿಯಲ್ಲಿ ತಡೆಯುವವರು ಒಂದು ಕಡೆ, ಬೀಗ ಒಡೆದು ಜೋಳದ ಹಗೇವು ಬರಿದು ಮಾಡುವವರು ಇನ್ನೊಂದು ಕಡೆ. ಆಗ ನಮ್ಮ ದೊಡ್ಡ ಆಯಿ, ಅಂದರೆ ಮುತ್ಯಾನ ತಾಯಿ, ಉಪಾಯ ಹೇಳಿದಳು: ‘ಕೂಸಿನ ಜವಳ ಭಾಗ್ಯವಂತಿಗಿ ಹೇಳಿಕೊಂಡೀವಿ. ಜವಳಕ್ಕ ಹೊಂಟೀವಿ ಅಂತ ಹೇಳ್ರಿ. ದೇವರ ಕೆಲಸಕ್ಕ ಯಾರೂ ಅಡ್ಡ ಬರಂಗಿಲ್ಲ.’

ಸಿದ್ಧತೆಗೆ ಒಂದೇ ದಿನವಿತ್ತು.

ಬೆಳಗಿನ ನಾಲ್ಕು ಗಂಟೆಗೆ ಬೀಸುಕಲ್ಲಿನ ಮುಂದೆ ಅತ್ತೆ ಸೊಸೆ ಕೂತರು. ಮುತ್ಯಾನ ತಂಗಿ, ಹನ್ನೆರಡು ವರ್ಷದ ಹುಡುಗಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಾಳು ಹಾಕುತ್ತಿದ್ದಳು. ಉಣ್ಣುವವರು ನಾಲ್ವರು. ದಿನಕ್ಕೆ ತಲೆಗೆ ಎರಡು ರೊಟ್ಟಿಯಂತೆ ಬಿಗಿ ಹಿಡಿದರೂ ಇಪ್ಪತ್ತೈದು ದಿನಕ್ಕೆ ಇನ್ನೂರು ರೊಟ್ಟಿ. ಈ ಲೆಕ್ಕ ಹಾಕಿದವಳು ಅಕ್ಷರ ಬಾರದ ದೊಡ್ಡ ಆಯಿ.

ಖಡಕ್ ರೊಟ್ಟಿಯ ಗುಣವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಜಿಗಿ ಇಲ್ಲ. ಆದ್ದರಿಂದ ಕುದಿಯುವ ನೀರಿನ ಎಸರು ಹಾಕಿ ನಾದಬೇಕು, ಲಟ್ಟಿಸದೆ ಕೈಯಿಂದ ಬಡಿದು ತೆಳ್ಳಗೆ ಮಾಡಬೇಕು. ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿ, ಎರಡೂ ಮೈ ಬೇಯಿಸಿ, ಆಮೇಲೆ ಒಲೆಯ ಕೆಂಡದ ಮುಂದೆ ಒಂದಕ್ಕೊಂದು ಆನಿಸಿ ನಿಲ್ಲಿಸಬೇಕು. ಒಳಗಿನ ಪಸೆಯೆಲ್ಲ ಆರಿ, ಬೆರಳಿನಿಂದ ಬಡಿದರೆ ಹಪ್ಪಳದ ಸದ್ದು ಬರಬೇಕು. ನೀರು ಉಳಿದರೆ ಬೂಸು ಬರುತ್ತದೆ, ನೀರು ಹೋದರೆ ತಿಂಗಳುಗಟ್ಟಲೆ ಇರುತ್ತದೆ. ಕೈ ಪಳಗಿದ ಹೆಂಗಸು ಗಂಟೆಗೆ ಇಪ್ಪತ್ತು ಇಪ್ಪತ್ತೈದು ಬಡಿದಾಳು. ಇನ್ನೂರಕ್ಕೆ ಒಂದು ಒಲೆಯ ಮುಂದೆ ಎಂಟರಿಂದ ಹತ್ತು ಗಂಟೆ, ಒಣಗಿಸುವ ಹೊತ್ತು ಬೇರೆ.

ಅಲ್ಲಿಯೇ ತೊಡಕು ಬಂತು. ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳುತ್ತದೆ. ಬೆಳಗಾಗಿ ಸ್ವಲ್ಪ ಹೊತ್ತಿಗೆ ಪಕ್ಕದ ಪಿಂಜಾರರ ಮನೆಯ ಹೆಂಗಸು ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಆಯಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಆಯಿ ಅವಳನ್ನು ಅಕ್ಕಾ ಅನ್ನುತ್ತಿದ್ದಳು. ಪಿಂಜಾರರು ಹತ್ತಿ ಹಿಂಜುವವರು, ಮುಸಲ್ಮಾನರು, ಮನೆಮಾತು ನಮ್ಮದೇ ಕನ್ನಡ.

‘ಏನ್ ತಂಗಿ, ಜವಳಕ್ಕ ಹೊಂಟೀರಂತ?’

‘ಹೌದಕ್ಕಾ.’

‘ಎರಡ ದಿನದ ಜವಳಕ್ಕ ಇಷ್ಟ ರೊಟ್ಟಿ ಯಾಕ?’

ಆಯಿಗೆ ಬಾಯಿ ಬರಲಿಲ್ಲ. ದೊಡ್ಡ ಆಯಿ ಹಂಚಿನ ಮೇಲಿನ ರೊಟ್ಟಿ ಮಗಚುವುದನ್ನು ಮರೆತು ಕೂತಳು. ಆ ದಿನಗಳಲ್ಲಿ ಯಾರು ಯಾರ ಕಿವಿ ಎಂದು ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತು ತಗ್ಗಿದ ದನಿಯಲ್ಲಿ ಅಂದಳಂತೆ: ‘ಮುಂಜಾನಿಂದ ಸಂಜೀತನಕ ಒಂದ ಮನ್ಯಾಗ ರೊಟ್ಟಿ ಬಡದ್ರ ಊರಿಗೆಲ್ಲ ತಿಳೀತದ. ಅರ್ಧ ಹಿಟ್ಟು ನನ್ನ ಒಲಿಗಿ ಕೊಡ್ರಿ. ನಮ್ಮವರಿಗಿ ಹೇಳ್ತೀನಿ, ದಿನಪೂರ್ತಿ ಹತ್ತಿ ಹಿಂಜಲಿ. ಬಿಲ್ಲಿನ ಸಪ್ಪಳದಾಗ ಯಾರಿಗಿ ಏನ್ ಕೇಳ್ತದ?’

ಇಂದಿನವರಿಗೆ ಇದು ಸುಲಭದ ಮಾತೆನಿಸೀತು. 1948ರಲ್ಲಿ ಹಾಗಿರಲಿಲ್ಲ. ನಮ್ಮದು ಲಿಂಗಾಯತರ ಮನೆ. ಅವಳ ಒಲೆಯ ಮೇಲೆ ಬೆಂದ ರೊಟ್ಟಿಯನ್ನು ದೊಡ್ಡ ಆಯಿ ಮುಟ್ಟುವವಳಲ್ಲ. ಗಲ್ಲಿಗೆಲ್ಲ ಕೈಯೆತ್ತಿ ಕೊಡುವ ಮುದುಕಿ ಈ ಒಂದು ವಿಷಯದಲ್ಲಿ ಕಲ್ಲು. ಕೊನೆಗೆ ಅವಳೇ ಒಂದು ತೀರ್ಪು ಹೇಳಿದಳು: ಹಿಟ್ಟು ನಮ್ಮದು, ನೀರು ನಮ್ಮದು, ಹಂಚು ನಮ್ಮದು, ಬಡಿಯುವ ಕೈ ಸೊಸೆಯದು. ಉರಿ ಮಾತ್ರ ಅವರದು. ಹಾಗಿದ್ದರೂ ಆ ರೊಟ್ಟಿ ಬೇರೆ ಗಂಟು, ಈ ರೊಟ್ಟಿ ಬೇರೆ ಗಂಟು. ಅಕ್ಕ ನಕ್ಕು, ‘ಆಗಲಿ ಬಿಡವಾ, ಬೆಂಕಿಗಿ ಯಾವ ಜಾತಿ’ ಅಂದಳಂತೆ. ಆದರೆ ಮಧ್ಯಾಹ್ನದ ಹೊತ್ತಿಗೆ ಕೂಸು ಅಳಲು ಹತ್ತಿ ಆಯಿ ಎದ್ದುಹೋದಾಗ, ಎಸರು ಆರಿಹೋಗಬಾರದೆಂದು ಅಕ್ಕನೇ ಕೂತು ಮೂವತ್ತು ರೊಟ್ಟಿ ಬಡಿದಳು. ಅದನ್ನು ಆಯಿ ಅತ್ತೆಗೆ ಹೇಳಲಿಲ್ಲ. ಆ ದಿನ ಪಿಂಜಾರರ ಮನೆಯ ಬಿಲ್ಲು ದೀಪ ಹಚ್ಚುವವರೆಗೂ ನಿಲ್ಲಲಿಲ್ಲ.

ಇತ್ತ ದೊಡ್ಡ ಆಯಿ ರೊಟ್ಟಿಯ ನಡುವೆ ಹಿಂಡಿ ಕುಟ್ಟಿದಳು. ಶೇಂಗಾ, ಅಗಸಿ, ಗುರೆಳ್ಳು ಮೂರನ್ನೂ ಬೇರೆ ಬೇರೆ ಹುರಿದು, ಒಣಖಾರ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಕುಟ್ಟಿದ ಪುಡಿ. ಅಡುಗೆಯಿಲ್ಲದ ಕಡೆ ಅದೇ ಪಲ್ಯ, ಅದೇ ಸಾರು. ಮಾವಿನಕಾಯಿಯ ಕಾಲ. ಹೋಳು ಹೆಚ್ಚಿ ಉಪ್ಪು ಸವರಿ, ಮಧ್ಯಾಹ್ನದ ಬಿಸಿಲಿಗೆ ಹರವಿ, ಸಾಸಿವೆ ಮೆಂತ್ಯದ ಪುಡಿ, ಇಂಗು, ಖಾರ ಹಚ್ಚಿ, ಕಾಸಿ ಆರಿಸಿದ ಕುಸುಬೆ ಎಣ್ಣೆ ಸುರಿದು ಚಿನೀಮಣ್ಣಿನ ಭರಣಿ ತುಂಬಿದಳು. ಹೋಳು ಎಣ್ಣೆಯಲ್ಲಿ ಮುಳುಗಿರಬೇಕು, ಗಾಳಿ ತಾಗಬಾರದು, ಒದ್ದೆ ಕೈ ಹೋಗಬಾರದು. ಬಾಯಿಗೆ ಎರಡು ಪದರು ಬಟ್ಟೆ ಕಟ್ಟಿ ಸುತ್ತಲೂ ಹುರಿ ಬಿಗಿದಳು. ‘ಕಳಿಯೋ ಕೆಲಸ ದಾರ್ಯಾಗ ಆಗಲಿ’ ಅಂದಳಂತೆ.

ಆಹಾರ ಕೆಡದಂತೆ ಇಡುವ ವಿದ್ಯೆಯ ಬಗ್ಗೆ ನಾನು ತರಗತಿಯಲ್ಲಿ ಪಾಠ ಹೇಳುವಾಗ ಬರುತ್ತಿದ್ದ ಹೆಸರು ಫ್ರಾನ್ಸಿನ ನಿಕೊಲಾ ಅಪ್ಪೇರ್‌ನದು. ಮಿಠಾಯಿ ಮಾಡುವವನು. ಗಾಜಿನ ಸೀಸೆಯಲ್ಲಿ ಆಹಾರ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟರೆ ಬಹುಕಾಲ ಕೆಡುವುದಿಲ್ಲವೆಂದು ಕಂಡುಕೊಂಡ. ಯುದ್ಧಕ್ಕೆ ಹೊರಟ ಸೈನ್ಯದ ಊಟಕ್ಕಾಗಿ ಈ ಉಪಾಯ ಬೇಕಿದ್ದ ಫ್ರೆಂಚ್ ಸರ್ಕಾರ 1810ರಲ್ಲಿ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ತಗಡಿನ ಡಬ್ಬಿಗೂ ಪೇಟೆಂಟ್ ಪಡೆದ. ಆಹಾರ ಯಾಕೆ ಕೆಡಲಿಲ್ಲವೆಂಬ ಕಾರಣವನ್ನು ಲೂಯಿ ಪಾಸ್ಚರ್ ತಿಳಿಸಿದ್ದು ಅರ್ಧ ಶತಮಾನದ ನಂತರ. ಕಾರಣ ತಿಳಿಯದೆಯೇ ಕೈ ಸರಿಯಾದದ್ದನ್ನು ಮಾಡಿತ್ತು. ನಮ್ಮ ದೊಡ್ಡ ಆಯಿಗೂ ಕಾರಣ ತಿಳಿದಿರಲಿಲ್ಲ. ಅವನು ನೀರನ್ನು ಒಳಗಿಟ್ಟು ಕುದಿಸಿ ಮುಚ್ಚಿದ, ಇವಳು ನೀರನ್ನೇ ಹೊರಗೆ ಹಾಕಿದಳು. ಉಪ್ಪು, ಹುಳಿ, ಖಾರ, ಎಣ್ಣೆಯನ್ನು ಕಾವಲಿಟ್ಟಳು. ಅವನ ಸೀಸೆ ಸೈನ್ಯದ ಜೊತೆ ಹೊರಟಿತು, ಇವಳ ಭರಣಿ ಸೈನ್ಯಕ್ಕೆ ಹೆದರಿ ಹೊರಟವರ ಜೊತೆ. ಬಹುಮಾನದ ವಿಚಾರ ಬಿಡಿ, ಹೆಸರು ಕೂಡ ಯಾವ ಪುಸ್ತಕದಲ್ಲೂ ಇಲ್ಲ.

ಇನ್ನು ಹೊಲಿಗೆಯ ಮಾತು. ಆ ದಿನ ಮನೆಯಲ್ಲಿ ಎರಡು ಹೊಲಿಗೆ ನಡೆದವು. ಒಂದು ತೋರಿಸಲಿಕ್ಕೆ, ಒಂದು ಮುಚ್ಚಿಡಲಿಕ್ಕೆ.

ತೋರಿಸುವ ಹೊಲಿಗೆ ಕೂಸಿನ ಕುಂಚಿಗೆಯದು. ಜವಳಕ್ಕೆ ಹೊರಟ ಕೂಸಿಗೆ ಹೊಸ ಕುಂಚಿಗೆ ಇಲ್ಲದಿದ್ದರೆ ನೋಡಿದವರು ಏನಂದಾರು? ಆಯಿಯ ತವರು ವಿಜಾಪುರದ ಕಡೆ, ಅವಳ ತಾಯಿ ಧಾರವಾಡ ಸೀಮೆಯವಳು. ಹೀಗಾಗಿ ಅವಳಿಗೆ ಕಸೂತಿ ಬರುತ್ತಿತ್ತು. ಧಾರವಾಡದ ಕಸೂತಿ ಈಗ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಕಲೆ. ಆಗ ಅದು ಹೆಣ್ಣುಮಕ್ಕಳು ಓರಗಿತ್ತಿಯರಿಂದ, ನೆರೆಯವರಿಂದ ನೋಡಿ ಕಲಿಯುತ್ತಿದ್ದ ಕೈಕೆಲಸ. ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ನೇಯ್ಗೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಗಾವಂತಿ, ಮುರ್ಗಿ, ನೇಯ್ಗಿ, ಮೆಂಥಿ ಎಂದು ನಾಲ್ಕು ಬಗೆ. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಇವೇ ಚಿತ್ರಗಳು. ಗಾವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರುತ್ತ ಬಿಟ್ಟದ್ದನ್ನು ತುಂಬಬೇಕು. ಗಂಟು ಹಾಕುವಂತಿಲ್ಲ. ಮುಗಿದಾಗ ಬಟ್ಟೆಯ ಮುಂಭಾಗ ಹಿಂಭಾಗ ಒಂದೇ ತರಹ ಕಾಣಬೇಕು.

ಸಂಜೆ ನಾಲ್ಕಕ್ಕೆ ರೊಟ್ಟಿ ಮುಗಿಸಿದ ಆಯಿ, ಕೈ ತೊಳೆದುಕೊಂಡು, ಕುಂಚಿಗೆ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂತಳು. ಹಾದುಹೋಗುವವರೆಲ್ಲ ನೋಡಲೆಂದೇ ಕೂತದ್ದು. ‘ಜವಳೇನವಾ?’ ‘ಹೂನ್ರಿ.’ ‘ಛಲೋ ಆತು, ದೇವಿ ಒಳ್ಳೇದು ಮಾಡಲಿ.’ ಬೆರಳೆಲ್ಲ ಎಸರಿಗೆ ಸುಟ್ಟು ಉರಿಯುತ್ತಿದ್ದವಂತೆ. ಸೂಜಿ ಹಿಡಿದರೆ ಜೀವ ಹೋದಂತಾಗುತ್ತಿತ್ತು. ಆದರೂ ಒಂದು ಎಳೆ ತಪ್ಪಿಲ್ಲ. ಆ ಕುಂಚಿಗೆ ನಮ್ಮ ಮನೆಯಲ್ಲಿ ಇಂದಿಗೂ ಇದೆ. ಅಂಚಿನ ಸಾಲು ತೇರು ನಾನು ಎಣಿಸಿ ನೋಡಿದ್ದೇನೆ, ಎಲ್ಲವೂ ಸಮ.

ಮುಚ್ಚಿಡುವ ಹೊಲಿಗೆ ರಾತ್ರಿ ಕದ ಹಾಕಿದ ಮೇಲೆ ಸುರುವಾಯಿತು. ಹಳೆಯ ಇಳಕಲ್ಲ ಸೀರೆ, ಧೋತರ ಪದರು ಪದರಾಗಿ ಹಾಸಿ ಹೊಲಿದ ಕೂಸಿನ ಕೌದಿ ಒಂದಿತ್ತು. ಅದರ ಒಂದು ಅಂಚು ಬಿಚ್ಚಿ ಬೋರಮಾಳ, ಪುತಳಿಸರ, ಬಿಲ್ವರಗಳನ್ನು ಒಳಗೆ ಸೇರಿಸಬೇಕಿತ್ತು. ಕೌದಿಯನ್ನೇ ಯಾಕೆ ಆರಿಸಿದಿರಿ ಎಂದು ನಾನೊಮ್ಮೆ ಕೇಳಿದೆ. ‘ಕೂಸಿನ ಉಚ್ಚಿ ನಾರೋ ಕೌದಿಗಿ ಯಾವ ಕಳ್ಳ ಕೈ ಹಾಕ್ತಾನ?’ ಎಂದು ಆಯಿ ನಕ್ಕಳು. ಆದರೆ ಒಳಗೆ ಹಾಕಿ ಅಲುಗಾಡಿಸಿದರೆ ಬಂಗಾರ ಗಲ್ ಅನ್ನುತ್ತಿತ್ತು. ಹಿತ್ತಿಲ ಬಾಗಿಲಿನಿಂದ ಅಕ್ಕನನ್ನು ಮತ್ತೆ ಕರೆದರು. ಅವಳು ಆ ದಿನ ಹಿಂಜಿದ ಹತ್ತಿಯ ಒಂದು ಮಡಿಲು ತಂದು, ಒಂದೊಂದು ಒಡವೆಗೂ ಮೆತ್ತಗೆ ಸುತ್ತಿ, ತಾನೇ ಪದರುಗಳ ನಡುವೆ ಹರಡಿಟ್ಟಳು. ಅದೇ ದಿನ ಬೆಳಿಗ್ಗೆ ಉರಿಗೂ ಜಾತಿ ನೋಡಿದ್ದ ದೊಡ್ಡ ಆಯಿ, ಮನೆಯ ಬಂಗಾರವನ್ನೆಲ್ಲ ಅವಳ ಮಡಿಲಿಗೆ ಹಾಕಿ ದೀಪ ಹಿಡಿದು ಕೂತಳು.

ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಅಂಚು ಮುಚ್ಚುವ ಮೊದಲು ಒಳಗೆ ಒಂದು ರೊಟ್ಟಿಯ ಚೂರು ಇಡುವ ಪದ್ಧತಿಯಿದೆ. ಕೌದಿಯ ಹೊಟ್ಟೆ ಬರಿದಿರಬಾರದು, ಹೊದ್ದವರ ಹೊಟ್ಟೆಯೂ ಬರಿದಾಗುತ್ತದೆ ಎನ್ನುತ್ತಾರೆ. ಆ ರಾತ್ರಿ ಬಂಗಾರ ತುಂಬಿದ್ದರೂ ಅಕ್ಕ ಅದನ್ನು ಮರೆಯಲಿಲ್ಲ. ‘ಬಂಗಾರ ತಿಂದು ಯಾರ ಹೊಟ್ಟಿ ತುಂಬತದ? ಒಂದು ಚೂರು ರೊಟ್ಟಿ ಕೊಡವಾ’ ಎಂದು ಕೇಳಿ ಇಟ್ಟಳು. ಆಯಿ ಅಂಚು ಹೊಲಿದಳು. ಬೆಳ್ಳಿ ಮೂಡುವ ಹೊತ್ತಿಗೆ ಗಾಡಿ ಹೂಡಿದರು. ಬರುತ್ತೇವೆ ಎಂದು ಆಯಿ ಅಂದಳು. ಅಕ್ಕ ‘ಎಲ್ಲಿಗಿ’ ಎಂದು ಕೇಳಲಿಲ್ಲ, ‘ಯಾವಾಗ’ ಎಂದೂ ಕೇಳಲಿಲ್ಲ.

ದಾರಿಯಲ್ಲಿ ಒಂದು ಕಡೆ ಗಾಡಿ ನಿಲ್ಲಿಸಿದರು. ಬಂದೂಕು ಹಿಡಿದ ನಾಲ್ಕು ಜನ. ಕೂಸಿನ ಮೈಮೇಲಿನ ಹೊಸ ಕುಂಚಿಗೆ ನೋಡಿದರು, ಜವಳದ ಮಾತು ನಂಬಿದರು. ರೊಟ್ಟಿಯ ಬುಟ್ಟಿ ನೋಡಿ ಒಬ್ಬ ಹುಬ್ಬು ಗಂಟಿಕ್ಕಿದ. ಮುತ್ಯಾ ತೊದಲತೊಡಗಿದಾಗ ದೊಡ್ಡ ಆಯಿ, ‘ದೇವಿ ದಾಸೋಹಕ್ಕ ಹರಕಿ ಹೊತ್ತೀವಿ ಯಪ್ಪಾ, ನೀವೂ ನಾಕು ತಗೋರಿ’ ಎಂದು ಬುಟ್ಟಿಯಿಂದ ರೊಟ್ಟಿ ತೆಗೆದು ಹಿಂಡಿ ಹಾಕಿ ಕೊಟ್ಟಳು. ಜಾತ್ರೆಯ ದಾಸೋಹಕ್ಕೆ ಬುಟ್ಟಿಗಟ್ಟಲೆ ರೊಟ್ಟಿ ಒಯ್ಯುವುದು ನಮ್ಮ ಸೀಮೆಯ ರೂಢಿಯಾದ್ದರಿಂದ ಮಾತು ನಿಂತಿತು. ಅವರು ಅಲ್ಲಿಯೇ ಕೂತು ತಿಂದರು. ಕೌದಿಯ ಕಡೆ ಯಾರೂ ನೋಡಲಿಲ್ಲ. ಘತ್ತರಗಿಯಲ್ಲಿ ಜವಳವನ್ನು ನಿಜವಾಗಿಯೂ ತೆಗೆಸಿದರು, ದೇವರ ಹೆಸರಿನಲ್ಲಿ ಸುಳ್ಳಾಡಬಾರದೆಂದು. ಆ ರಾತ್ರಿಯೇ ಹೊಳೆ ದಾಟಿದರು.

ಆಚೆ ದಂಡೆಯಲ್ಲಿ ಬೀಗರ ದನದ ಕೊಟ್ಟಿಗೆಯಲ್ಲಿ ವಾಸ. ಎಲ್ಲ ಊರುಗಳಲ್ಲೂ ನಮ್ಮಂಥವರು ತುಂಬಿದ್ದರು. ಬೀಗರಿಗೂ ಎಷ್ಟೆಂದು ಭಾರವಾಗುವುದು? ಬುತ್ತಿಯೇ ಆಧಾರ. ದೊಡ್ಡ ಆಯಿ ತನ್ನ ಮಾತಿನಂತೆ ನಮ್ಮ ಒಲೆಯ ಗಂಟಿನಿಂದಲೇ ತಿಂದಳು. ಉಳಿದವರು ಪಿಂಜಾರರ ಒಲೆಯ ಗಂಟು ಬಿಚ್ಚಿದರು. ಮಿರಗದ ಮಳೆ ಹಿಡಿಯಿತು. ಕೊಟ್ಟಿಗೆ ಸೋರಿ ಎರಡೂ ಗಂಟಿಗೆ ಥಂಡಿ ತಾಗಿತು. ಆಯಿ ರೊಟ್ಟಿಗಳನ್ನೆಲ್ಲ ತೆಗೆದು ಬೀಗರ ಹಂಚಿನ ಮೇಲೆ ಮತ್ತೆ ಬಿಸಿಮಾಡಿ ಆರಿಸಿದಳು. ಮತ್ತೆ ಕಟ್ಟುವಾಗ ಯಾವುದು ಯಾವ ಒಲೆಯದೆಂದು ಗುರುತು ಸಿಗಲಿಲ್ಲ. ದೊಡ್ಡ ಆಯಿ ಸುಮ್ಮನೆ ನೋಡುತ್ತಿದ್ದಳು. ಆ ಸಂಜೆ ಕೈಗೆ ಸಿಕ್ಕ ರೊಟ್ಟಿ ಮುರಿದು, ಉಪ್ಪಿನಕಾಯಿಯ ರಸ ಹಚ್ಚಿಕೊಂಡು ತಿಂದು, ‘ಆಕಿ ಕೈ ತೆಳ್ಳಗದ’ ಅಂದಳಂತೆ. ಅಕ್ಕ ಬಡಿದ ಮೂವತ್ತು ರೊಟ್ಟಿಯ ಸಂಗತಿ ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದು ಸಂಸ್ಥಾನದ ಒಳಗೆ ಬಂತು. 17ರಂದು ನಿಜಾಮ ಶರಣಾದ. ಆ ದಿನವನ್ನು ನಮ್ಮ ಭಾಗದಲ್ಲಿ ವಿಮೋಚನೆಯ ದಿನವೆಂದು ಆಚರಿಸುತ್ತ ಬಂದಿದ್ದೇವೆ, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಎನ್ನುತ್ತೇವೆ. ಶಾಲೆಯ ಅಂಗಳದಲ್ಲಿ ಧ್ವಜ ಹಾರಿಸಿ ನಾನೂ ಅನೇಕ ಸಲ ಭಾಷಣ ಮಾಡಿದ್ದೇನೆ. ಆಗಬೇಕಾದದ್ದೇ ಆಯಿತು, ಅದರಲ್ಲಿ ನನಗೆ ಸಂಶಯವಿಲ್ಲ.

ದೀಪಾವಳಿಯ ಹೊತ್ತಿಗೆ ಆಯಿಯವರು ಗೊಬ್ಬೂರಿಗೆ ಮರಳಿದರು. ಬೀಗ ಹಾಗೇ ಇತ್ತು. ಹಿತ್ತಿಲ ಆಚೆ ಪಿಂಜಾರರ ಮನೆಯ ಕದ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ.

ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಸಂಸ್ಥಾನದ ಹಳ್ಳಿಗಳಲ್ಲಿ ಮುಸಲ್ಮಾನರ ಮೇಲೆ ಸೇಡಿನ ಹಿಂಸೆ ನಡೆಯಿತು. ರಜಾಕಾರರಿಗೂ ಹತ್ತಿ ಹಿಂಜುವವರಿಗೂ ಇರುವ ಅಂತರವನ್ನು ಅಂಥ ಸೇಡು ನೋಡುವುದಿಲ್ಲ. ವಿಚಾರಿಸಿ ಬರಲು ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಅವರ ಸಮಿತಿ 1948ರ ಕೊನೆಯಲ್ಲಿ ಇಲ್ಲೆಲ್ಲ ತಿರುಗಾಡಿತು. ಕಡಿಮೆಯೆಂದರೂ 27,000ದಿಂದ 40,000 ಜನ ಜೀವ ಕಳೆದುಕೊಂಡರೆಂದು ಅದು ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳು ಉಸ್ಮಾನಾಬಾದು, ಗುಲಬರ್ಗಾ, ಬೀದರ, ನಾಂದೇಡ. ಆ ವರದಿಯನ್ನು ದಶಕಗಳವರೆಗೆ ಪ್ರಕಟಿಸಲಿಲ್ಲ. ನಾನು ಓದಿದ ಪಠ್ಯದಲ್ಲೂ ಇರಲಿಲ್ಲ, ಕಲಿಸಿದ ಪಠ್ಯದಲ್ಲೂ ಇರಲಿಲ್ಲ. ಮೇ ತಿಂಗಳ ಭಯವನ್ನು ಕಲಿಸಿದೆ, ಸೆಪ್ಟೆಂಬರಿನ ಭಯವನ್ನು ಕಲಿಸಲಿಲ್ಲ. ಈ ಪ್ರಬಂಧ ಬರೆಯಲು ಅದೂ ಒಂದು ಕಾರಣ.

ಅಕ್ಕನವರಿಗೆ ಏನಾಯಿತು ಎಂದು ನಾನು ಆಯಿಯನ್ನು ಕೇಳಿದ್ದು ಒಂದೇ ಸಲ. ಕೌದಿಗೆ ತೇಪೆ ಹಚ್ಚುತ್ತಿದ್ದಳು. ‘ಹೋದ್ರು’ ಅಂದಳು. ‘ಎಲ್ಲಿಗಿ?’ ಎಂದೆ. ಕೇಳಬಾರದ ಮಾತು ಕೇಳಿಬಿಟ್ಟೆ. ಅವಳು ಬಹಳ ಹೊತ್ತು ಸೂಜಿಗೆ ದಾರ ಪೋಣಿಸುತ್ತ ಕೂತಳು. ಆಮೇಲೆ ಹೇಳಿದಳು: ‘ಅವರ ಒಲಿಮ್ಯಾಗ ಹಂಚು ಹಾಂಗೇ ಇತ್ತು. ಪರಾತದಾಗ ನಾದಿದ ಹಿಟ್ಟು ಒಣಗಿ ಕಲ್ಲಾಗಿತ್ತು. ನಮಗ ಒಂದ ದಿನ ಸಿಕ್ಕಿತ್ತವಾ. ಅವರಿಗಿ ಅದೂ ಸಿಗಲಿಲ್ಲ.’

ಬಂಗಾರವನ್ನು ಒಂದೊಂದಾಗಿ ತೆಗೆದು ಮಾರಿದರು. ಎತ್ತು ಕೊಂಡರು, ಮುಂದೆ ನನ್ನ ತಂದೆಯನ್ನು ಓದಿಸಿದರು. ಆದರೆ ಆಯಿ ಒಡವೆ ತೆಗೆದಾಗಲೆಲ್ಲ ಸುತ್ತಿದ್ದ ಹತ್ತಿಯನ್ನು ಮತ್ತೆ ಒಳಗೇ ಇಟ್ಟು ಹೊಲಿದಳು. ಕೌದಿ ಈಗ ನನ್ನ ಹತ್ತಿರವಿದೆ. ಒಂದು ಮೂಲೆ ಕೈಗೆ ಉಬ್ಬಿದಂತೆ ಸಿಗುತ್ತದೆ. ಆ ರೊಟ್ಟಿಯ ಚೂರು ಎಂದೋ ಪುಡಿಯಾಗಿ ಹೋಗಿರಬೇಕು. ನಾನು ಬಿಚ್ಚಿ ನೋಡಿಲ್ಲ.

ಖಡಕ್ ರೊಟ್ಟಿ ಈಗ ಅಂಗಡಿಯ ಸರಕು. ಸ್ವಸಹಾಯ ಗುಂಪುಗಳ ಹೆಣ್ಣುಮಕ್ಕಳು ‘ಕಲಬುರ್ಗಿ ರೊಟ್ಟಿ’ ಎಂದೇ ಹೆಸರಿಟ್ಟು ಪೊಟ್ಟಣ ಕಟ್ಟಿ ದೂರದ ಊರುಗಳಿಗೂ ಕಳಿಸುತ್ತಾರೆ. ಸಂತೋಷದ ಸಂಗತಿ. ನನ್ನ ಮಗಳು ಪುಣೆಗೆ ಹೊರಟಾಗಲೂ ಅದೇ ಪೊಟ್ಟಣ ಒಯ್ಯುತ್ತಾಳೆ, ಫೋನಿನಲ್ಲಿ ಟಿಕೆಟು ಮಾಡಿ ಎರಡು ಗಂಟೆ ಮೊದಲು ‘ಅವ್ವಾ, ಹೊಂಟೆ’ ಅನ್ನುತ್ತಾಳೆ.

ಆಯಿ ಬದುಕಿರುವವರೆಗೂ ನಮ್ಮ ಮನೆಯಲ್ಲಿ ಹಾಗೆ ಹೊರಡುವಂತಿರಲಿಲ್ಲ. ಪಕ್ಕದ ಊರಿನ ಮದುವೆಗಾದರೂ ಸರಿ, ಅವಳಿಗೆ ಹಿಂದಿನ ದಿನವೇ ತಿಳಿಯಬೇಕು. ತಿಳಿಯದಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಮುದುಕಿಯ ಹಟವೆಂದು ನಾವು ಸಿಡಿಮಿಡಿಗೊಳ್ಳುತ್ತಿದ್ದೆವು. ಎಲ್ಲಿಗೆ ಎಂದು ಅವಳು ಎಂದೂ ಕೇಳಿದವಳಲ್ಲ. ಅವಳು ಹೇಳುತ್ತಿದ್ದದ್ದು ಇಷ್ಟೇ: ‘ಒಂದಿನ ಮೊದಲ ಹೇಳ್ರಿ. ಬುತ್ತಿ ಕಟ್ಟಾಕ ಒಂದಿನ ಬೇಕು.’